ಬೆನ್ನ ಮೇಲಿನ ಮೂರನೇ ಗೆರೆ

ಆವತ್ತು ಸೋಮವಾರ, ಬೆಳಗ್ಗೆ ಹತ್ತೂವರೆಯ ಸ್ಟ್ಯಾಂಡಪ್ ಮೀಟಿಂಗ್. ಸರಿಯಾಗಿ ನನ್ನ ಸರದಿ ಬರುವ ಹೊತ್ತಿಗೆ ಅಮ್ಮನ ವಾಟ್ಸ್ಯಾಪ್ ಬಂತು. ಒಂದು ಫೋಟೋ. ಅದರಲ್ಲಿ ಅರ್ಧದಷ್ಟು ಅಮ್ಮನ ಹೆಬ್ಬೆರಳು, ಉಳಿದರ್ಧ ಹಸಿರು, ಆ ಹಸಿರಿನ ನಡುವೆ ಕಂದು ಬಣ್ಣದ ಒಂದು ಚುಕ್ಕೆ. ಹಿಂದೆಯೇ ವಾಯ್ಸ್ ಮೆಸೇಜು.

"ಇದು ಎಂತ ನೊಣ ಅಂತ ನೋಡಿ ಹೇಳು ಮಗ. ಪಡುವಲ, ಹಾಗಲ ಒಂದನ್ನೂ ಬಿಡುದಿಲ್ಲ, ಎಲ್ಲದಕ್ಕೂ ಕೂತು ಚುಚ್ಚುದು. ಅಪ್ಪ ಮದ್ದು ಹೊಡಿತೇನೆ ಅಂತ ಹೊರಟಿದ್ದಾರೆ. ಬೇಗ ಹೇಳು."

(ನಮ್ಮ ಮನೆಮಾತು ಅರೆಭಾಷೆ. ಅಪ್ಪ ಅಮ್ಮ ಆಡಿದ್ದನ್ನೆಲ್ಲ ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ. ಇಲ್ಲದಿದ್ದರೆ ನಿಮಗೆ ಸಬ್‌ಟೈಟಲ್ ಬೇಕಾಗುತ್ತಿತ್ತು.)

ನಾನು ಮೈಕ್ ಅನ್‌ಮ್ಯೂಟ್ ಮಾಡಿ "ನೋ ಬ್ಲಾಕರ್ಸ್" ಅಂದೆ.

ನನ್ನೂರು ಪಂಜ. ಬೆಂಗಳೂರಿನಲ್ಲಿ ಹೀಗೆಂದರೆ ಹಿಂದಿ ಬಲ್ಲವರು ಐದು ಬೆರಳು ಅಗಲಿಸಿ ತೋರಿಸಿ ನಗುತ್ತಾರೆ. ಕನ್ನಡ ಬಲ್ಲವರು "ಪಂಜೆ ಮಂಗೇಶರಾಯರ ಊರಾ?" ಅನ್ನುತ್ತಾರೆ. ಅವರು ಹುಟ್ಟಿದ್ದು ಬಂಟ್ವಾಳದಲ್ಲಿ. ನಮ್ಮದು ಸುಳ್ಯದ ಕಡೆ, ಪಂಚಲಿಂಗೇಶ್ವರ ದೇವಸ್ಥಾನ ಇರುವ ಪಂಜ. ಮಳೆಗಾಲದಲ್ಲಿ ಕುಮಾರಪರ್ವತದ ಕಡೆಯಿಂದ ಮೋಡ ಇಳಿಯಿತೆಂದರೆ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಮನೆಯ ಸುತ್ತ ಅಡಿಕೆ ತೋಟ. ಅದು ಅಪ್ಪನದ್ದು. ಹಟ್ಟಿಗೂ ಬಾವಿಗೂ ನಡುವೆ ಒಂದಿಷ್ಟು ಜಾಗ, ಅಲ್ಲಿ ಸಲಾಕೆ ಹೊಡೆದು ಹಗ್ಗ ಎಳೆದ ಚಪ್ಪರ. ಅದು ಅಮ್ಮನದ್ದು. ಮೇ ಕೊನೆಗೆ ಬೀಜ ಹಾಕಿದರೆ ಚೌತಿಯವರೆಗೆ ಪಡುವಲ, ಹಾಗಲ, ಹೀರೆ. ಮನೆಗೆ ಆಗಿ, ನೆರೆಕರೆಗೆ ಕೊಟ್ಟು, ಉಳಿದದ್ದು ಗೋಣಿಯಲ್ಲಿ ತುಂಬಿ ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಬೆಂಗಳೂರಿಗೆ ಬರುತ್ತದೆ. ಇಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಪಡುವಲ ಸಿಗುತ್ತದೆ ಎಂದು ಅಮ್ಮನಿಗೆ ಹೇಳಿದರೆ ಆಕೆ ಅದನ್ನು ನನ್ನ ಬಡತನ ಎಂದೇ ತಿಳಿಯುವುದು.

ನಮ್ಮ ಕಡೆ 'ಮದ್ದು' ಎಂಬುದು ದೊಡ್ಡ ಶಬ್ದ. ಜ್ವರಕ್ಕೆ ಕೊಡುವ ಮಾತ್ರೆ ಮದ್ದು. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಬಿಡುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವೂ ಮದ್ದು. ಅಂಗಡಿಯಲ್ಲಿ ಸಿಗುವ, ಬಾಟಲಿಯ ಮೇಲೆ ಕೆಂಪು ತ್ರಿಕೋನ ಇರುವ ವಿಷವೂ ಮದ್ದೇ. ಮೂರನ್ನೂ ಒಂದೇ ಹೆಸರಿನಲ್ಲಿ ಕರೆದ ಮೇಲೆ ಮೂರನೆಯದರ ಹೆದರಿಕೆ ಕಡಿಮೆಯಾಗಬೇಕಿತ್ತು. ಅಮ್ಮನಿಗೆ ಆಗಲಿಲ್ಲ. ಕಾರಣ ದೂರ ಹುಡುಕಬೇಕಾಗಿಲ್ಲ. ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕತೆ, ಗಡಿಯಾಚೆ ಕಾಸರಗೋಡಿನ ಎಣ್ಮಕಜೆಯ ಮಕ್ಕಳ ಫೋಟೋಗಳು ನಮ್ಮ ಮನೆಯ ಪೇಪರಿನಲ್ಲಿ ವರ್ಷಗಟ್ಟಲೆ ಬಂದಿವೆ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟೆಲ್ಲ ವಿಷ ಸುರಿದದ್ದು ಒಂದು ಸಣ್ಣ ಕೀಟಕ್ಕೆ. ಇಂಗ್ಲಿಷಿನಲ್ಲಿ ಅದರ ಹೆಸರು 'ಟೀ ಮಸ್ಕಿಟೋ'. ಅದು ಸೊಳ್ಳೆಯೂ ಅಲ್ಲ, ನೊಣವೂ ಅಲ್ಲ, ತಿಗಣೆಯ ನೆಂಟ. ಈ ವಿವರ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೆಸರುಗಳ ವಿಷಯದಲ್ಲಿ ಸ್ವಲ್ಪ ಜಾಗ್ರತೆ ಮಾಡುತ್ತಿದ್ದೆನೋ ಏನೋ.

"ಅಪ್ಪನಿಗೆ ಹೇಳಿ, ಎರಡು ದಿನ ನಿಲ್ಲಲಿ. ನಾನು ನೋಡ್ತೇನೆ" ಎಂದು ಟೈಪ್ ಮಾಡಿದೆ. ಬಿಇ ಓದಿದ ಮಗ ಎರಡು ದಿನ ಕೇಳಿದರೆ ಯಾವ ಅಮ್ಮ ಇಲ್ಲ ಅಂತಾಳೆ?

ಆಮೇಲೆ ನಾನು ಮಾಡಿದ್ದು ನೀವೆಲ್ಲ ಮಾಡುವುದನ್ನೇ. ಚಿತ್ರದಲ್ಲಿ ಹೆಬ್ಬೆರಳನ್ನು ಕತ್ತರಿಸಿ ತೆಗೆದು, ಕಂದು ಚುಕ್ಕೆಯನ್ನು ದೊಡ್ಡದು ಮಾಡಿ, ಒಂದು ಆ್ಯಪಿಗೆ ಹಾಕಿದೆ. ಫೋಟೋ ಪಕ್ಕದಿಂದ ತೆಗೆದದ್ದು. ಒಂದು ಕಣ್ಣು, ಹಳದಿ ಗೆರೆ ಇರುವ ಒಂದು ಭುಜ, ಚಾಚಿದ ಒಂದು ರೆಕ್ಕೆ. ಆ್ಯಪು ಅರೆಕ್ಷಣದಲ್ಲಿ ಪಟ್ಟಿ ಕೊಟ್ಟಿತು. ಮೊದಲ ಹೆಸರು 'ಓರಿಯೆಂಟಲ್ ಫ್ರೂಟ್ ಫ್ಲೈ', ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಕೆಳಗೆ ಇನ್ನೂ ನಾಲ್ಕು ಹೆಸರುಗಳಿದ್ದವು. ನಾನು ಕೆಳಗೆ ಹೋಗಲಿಲ್ಲ. ಎರಡು ವರ್ಷದ ಹಿಂದೆ ಮೆಷೀನ್ ಲರ್ನಿಂಗಿನ ಆನ್‌ಲೈನ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತೆಗೆದುಕೊಂಡವ ನಾನು. ಇಂಥ ಮಾದರಿಗಳು ತಾವು ಹೆಚ್ಚು ನೋಡಿದ್ದನ್ನೇ ಹೆಚ್ಚು ಹೇಳುತ್ತವೆ, ಮೊದಲ ಉತ್ತರವೆಂದರೆ ಸರಿಯುತ್ತರ ಎಂದಲ್ಲ ಎಂದು ಜೂನಿಯರ್‌ಗಳಿಗೆ ಪಾಠ ಮಾಡಿದವನೂ ನಾನೇ. ಪಾಠ ಮಾಡುವುದು ಬೇರೆ, ಸ್ವಂತ ಅಮ್ಮನಿಗೆ ಬೇಗ ಉತ್ತರ ಕೊಟ್ಟು ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ ಬೇರೆ.

ಹೆಸರು ಸಿಕ್ಕ ಮೇಲೆ ಓದಿದ್ದೇ ಓದಿದ್ದು. ಮೊದಲು ದಾರಿ ತಪ್ಪಿ, ಕೊಳೆತ ಬಾಳೆಹಣ್ಣಿಗೆ ಮುತ್ತುವ ಕೆಂಗಣ್ಣಿನ ಡ್ರೊಸೊಫಿಲಾಗೆ ಹೋಗಿ ಬಿದ್ದೆ. ಇಂಗ್ಲಿಷಿನಲ್ಲಿ ಅದನ್ನೂ 'ಫ್ರೂಟ್ ಫ್ಲೈ' ಅನ್ನುತ್ತಾರೆ. ಪಿಯುಸಿ ಬಯಾಲಜಿಯಲ್ಲಿ ಬರುವುದು ಅದೇ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅದರ ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆ. ಆದರೆ ಅದು ಬೇರೆ ಕುಟುಂಬ. ಹೆಚ್ಚಾಗಿ ಹುಳಿ ಬಂದದ್ದನ್ನು ಹುಡುಕಿಕೊಂಡು ಬರುವಂಥದ್ದು. ನಮ್ಮದು ಗಟ್ಟಿ ಕಾಯಿಗೆ ಸೂಜಿ ಚುಚ್ಚಿ ಒಳಗೆ ಮೊಟ್ಟೆ ಇಡುವ ಜಾತಿ. ಕನ್ನಡದ ಕೃಷಿ ಪುಸ್ತಕಗಳಲ್ಲಿ ಹಣ್ಣುನೊಣ. ಬಯಲುಸೀಮೆಯ ಮಾವಿನ ರೈತರು ಊಜಿ ನೊಣ ಅನ್ನುತ್ತಾರೆ, ರೇಷ್ಮೆ ಬೆಳೆಯುವವರು ಊಜಿ ಅನ್ನುವುದು ಮತ್ತೆ ಬೇರೆಯದಕ್ಕೆ. ಒಟ್ಟಿನಲ್ಲಿ ಹೆಸರುಗಳದ್ದೇ ಒಂದು ಸಂತೆ.

ಡಾರ್ಸಾಲಿಸ್ ಬಗ್ಗೆ ಓದಲು ಬೇಕಾದಷ್ಟಿತ್ತು. ಬಿಹಾರದ ಪೂಸಾದಲ್ಲಿ ಕೆಲಸ ಮಾಡುತ್ತಿದ್ದ ಹೌಲೆಟ್ ಎಂಬ ಬ್ರಿಟಿಷ್ ಕೀಟಶಾಸ್ತ್ರಜ್ಞ, ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆಗೆ ಹಣ್ಣುನೊಣದ ಗಂಡುಗಳು ಮುತ್ತುವುದನ್ನು 1912ರಲ್ಲಿ ಬರೆದ. ಆ ಎಣ್ಣೆಯೊಳಗೆ ಅವುಗಳನ್ನು ಎಳೆಯುವುದು ಮೀಥೈಲ್ ಯೂಜೆನಾಲ್ ಎಂಬುದು 1915ರ ಹೊತ್ತಿಗೆ ಗೊತ್ತಾಯಿತು. ನಮ್ಮ ತುಳಸಿಯಲ್ಲೂ ಅದು ಇದೆ. ಗಂಡು ನೊಣ ಅದನ್ನು ತಿಂದು, ಮೈಯಲ್ಲಿ ಬದಲಾಯಿಸಿ, ಹೆಣ್ಣನ್ನು ಕರೆಯುವ ಪರಿಮಳ ಮಾಡಿಕೊಳ್ಳುತ್ತದೆ. ಅತ್ತರು ಅಂದುಕೊಳ್ಳಿ. ಪೆಸಿಫಿಕ್ ಸಾಗರದ ರೋಟಾ ಎಂಬ ದ್ವೀಪದಲ್ಲಿ ಈ ಅತ್ತರಿಗೆ ವಿಷ ಬೆರೆಸಿ ಎಲ್ಲೆಡೆ ಹರಡಿ ಗಂಡುಗಳನ್ನೆಲ್ಲ ಮುಗಿಸಿ, ಡಾರ್ಸಾಲಿಸ್ ಸಂತತಿಯನ್ನೇ ಅಳಿಸಿದ್ದರು. 1965ರಲ್ಲಿ ಆ ವರದಿ ಬಂತು. ಓದಿ ನನಗೆ ರೋಮಾಂಚನ. ರೋಟಾ ದ್ವೀಪದಲ್ಲಿ ಆದದ್ದು ನಮ್ಮ ಹಟ್ಟಿಯ ಹಿಂದೆ ಆಗಬಾರದಾ?

ನಾಲ್ಕು ಮೋಹಕ ಬಲೆ ಆರ್ಡರ್ ಮಾಡಿದೆ. ಹಳದಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೀಥೈಲ್ ಯೂಜೆನಾಲ್ ಕುಡಿಸಿದ ಮರದ ತುಂಡು. ಅಮ್ಮ ಚಪ್ಪರದ ನಾಲ್ಕು ಮೂಲೆಗೆ ಕಟ್ಟಿದಳು. ಮೂರೇ ದಿನದಲ್ಲಿ ಡಬ್ಬಿಯ ಫೋಟೋ ಬಂತು. ತಳದಲ್ಲಿ ನೊಣ, ನೊಣದ ಮೇಲೆ ನೊಣ. ನಾನು ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡೆ. ಟೀಮಿನ ಐದು ಜನ ಬೆಂಕಿಯ ಎಮೋಜಿ ಕಳಿಸಿದರು.

ಒಂದು ವಾರ ಕಳೆದು ಅಮ್ಮನ ಮೆಸೇಜು: "ನೊಣ ಬೇಕಾದಷ್ಟು ಬಿದ್ದಿದೆ ಮಗ. ಕಾಯಿ ಕೊಳೆಯುದು ಮಾತ್ರ ನಿಲ್ಲಲಿಲ್ಲ."

"ಗಂಡು ನೊಣ ಎಲ್ಲ ಮುಗಿಯುವವರೆಗೆ ಕಾಯಬೇಕು" ಅಂದೆ.

ಎರಡನೇ ವಾರವೂ ಅದೇ. ಎಳೆ ಪಡುವಲದ ಮೇಲೆ ಸೂಜಿಮೊನೆಯಷ್ಟು ತೂತು, ಅದರಿಂದ ಅಂಟು ಒಸರಿ ಗಟ್ಟಿಯಾಗುವುದು, ಅಲ್ಲಿಗೇ ಕಾಯಿ ಸೊಟ್ಟ ತಿರುಗಿ ಹಳದಿಯಾಗುವುದು, ಮುರಿದರೆ ಒಳಗೆ ಅನ್ನದ ಅಗುಳಿನಂಥ ಹುಳು. ಪಡುವಲ ನೆಟ್ಟಗಾಗಲೆಂದು ಅಮ್ಮ ಬಾಲಕ್ಕೆ ಕಲ್ಲು ಕಟ್ಟುತ್ತಾಳೆ. ಆ ಕಲ್ಲೇ ಕೊಳೆತ ಕಾಯಿಯನ್ನು ಎಳೆದು ಬೀಳಿಸುತ್ತಿತ್ತು. ಅಪ್ಪ ಫೋನಿನಲ್ಲಿ ಒಮ್ಮೆ, "ನಿನ್ನ ಡಬ್ಬಿಗೆ ನೊಣ ಬೀಳುದು ನೋಡ್ಲಿಕ್ಕೆ ಚಂದ ಉಂಟು" ಅಂದರು. ಅಪ್ಪನ ವ್ಯಂಗ್ಯ ಅರ್ಥವಾಗಲು ನನಗೆ ಯಾವತ್ತೂ ಅರ್ಧ ದಿನ ಬೇಕು.

ಮೂರನೇ ವಾರ ಒಂದು ಬೆಳಿಗ್ಗೆ ಮಳೆ ಬಿಟ್ಟಿತು. ಅಮ್ಮ ನೆಂಟರ ಮನೆಯ ಪೂಜೆಗೆ ಬಳ್ಪಕ್ಕೆ ಹೋಗಿದ್ದಳು. ಅಪ್ಪ ಅಂಗಡಿಯಿಂದ ತಂದಿಟ್ಟಿದ್ದ ಬಾಟಲಿ ತೆಗೆದು ಹಾಗಲದ ಚಪ್ಪರಕ್ಕೆ ಮದ್ದು ಹೊಡೆದರು.

ಹಾಗಲದ ಹೂ ಅರಳುವುದು ಬೆಳಿಗ್ಗೆ. ಅಪ್ಪ ಚಿಕ್ಕಂದಿನಿಂದ ತುಡುವೆ ಜೇನು ಸಾಕಿದವರು. ಈಗಲೂ ತೋಟದ ಬದಿಯಲ್ಲಿ ಎರಡು ಪೆಟ್ಟಿಗೆ ಇದೆ. ಮಳೆ ಬಿಟ್ಟ ಬೆಳಿಗ್ಗೆ ಹುಳಗಳು ಎಲ್ಲಿಗೆ ಹೋಗುತ್ತವೆ ಎಂದು ಅವರಿಗೆ ನಾನು ಹೇಳಬೇಕಾಗಿಲ್ಲ. ಆದರೂ ಹೊಡೆದರು. ಮೂರು ವಾರ ಕಾದ ಸಿಟ್ಟು ಇರಬೇಕು. ಮರುದಿನ ಒಂದು ಪೆಟ್ಟಿಗೆಯ ಬಾಯಲ್ಲಿ, ಕೆಳಗಿನ ಕಲ್ಲಿನ ಮೇಲೆ ಸತ್ತ ಜೇನುಗಳು ರಾಶಿಯಾಗಿದ್ದವು. ಕೆಲವು ಇನ್ನೂ ಬೆನ್ನ ಮೇಲೆ ಬಿದ್ದು ತಿರುಗುತ್ತಿದ್ದವಂತೆ. ಇದನ್ನು ನನಗೆ ಹೇಳಿದ್ದು ಅಮ್ಮ. ಅಪ್ಪ ಈವರೆಗೆ ಒಂದು ಶಬ್ದ ಹೇಳಿಲ್ಲ. ಅಮ್ಮ ಆ ವಾರದ ಹಾಗಲವನ್ನೆಲ್ಲ ಕೊಯ್ದು ಹೊಂಡಕ್ಕೆ ಹಾಕಿದಳು, ಚಪ್ಪರದ ಪಕ್ಕದ ಬಾವಿ ನೀರನ್ನು ಕೆಲ ದಿನ ಅಡುಗೆಗೆ ತೆಗೆಯಲಿಲ್ಲ. ಜೋರು ಮಾಡಲಿಲ್ಲ. "ನೀನು ನೋಡ್ತೇನೆ ಅಂದಿದ್ದಿ ಅಲ್ವಾ" ಅಂದಳು, ಅಷ್ಟೇ.

ಅವತ್ತು ರಾತ್ರಿ ನಾನು ಆ್ಯಪಿನ ಪಟ್ಟಿಯಲ್ಲಿ ಕೆಳಗೆ ಹೋದೆ. ಹೋಗಿ ಪ್ರಯೋಜನವಾಗಲಿಲ್ಲ, ಐದೂ ನನಗೆ ಒಂದೇ ಥರ ಕಂಡವು. ನಮ್ಮ ಟೆಸ್ಟಿಂಗ್ ಟೀಮಿನವನೊಬ್ಬನ ತಂಗಿ ಜಿಕೆವಿಕೆಯಲ್ಲಿ ಕೀಟಶಾಸ್ತ್ರದ ಎಂಎಸ್ಸಿ ಮಾಡಿದವರು ಎಂದು ನೆನಪಾಯಿತು. ನಂಬರು ತೆಗೆದುಕೊಂಡು ಫೋನ್ ಮಾಡಿದೆ. ಮೇಡಂ ಫೋಟೋ ನೋಡಿ ಕೇಳಿದ ಮೊದಲ ಪ್ರಶ್ನೆ, "ಯಾವ ಗಿಡದ ಮೇಲೆ ಕೂತಿತ್ತು?"

"ಪಡುವಲ."

"ಬಲೆ ಯಾವುದು ಹಾಕಿದ್ರಿ?"

ಹೇಳಿದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅವರು ಬಿಡಿಸಿ ಹೇಳಿದ್ದರ ಸಾರ ಇಷ್ಟು. ಮೀಥೈಲ್ ಯೂಜೆನಾಲಿಗೆ ಬರುವುದು ಡಾರ್ಸಾಲಿಸ್ ಮತ್ತು ಅದರ ಹತ್ತಿರದ ಕೆಲವು ನೊಣಗಳು. ಅವುಗಳಿಗೆ ಮಾವು, ಪೇರಳೆಯಂಥ ಹಣ್ಣು ಇಷ್ಟ. ಸೌತೆ, ಹಾಗಲ, ಪಡುವಲದ ಕುಟುಂಬವನ್ನು ಹಾಳು ಮಾಡುವ ಮುಖ್ಯ ನೊಣ ಬೇರೆಯೇ ಇದೆ. ಅದರ ಗಂಡು ಮೀಥೈಲ್ ಯೂಜೆನಾಲನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೆ ಬೇಕಾದದ್ದು ಕ್ಯೂ-ಲ್ಯೂರ್ ಎಂಬ ಇನ್ನೊಂದು ವಾಸನೆ.

ಅಂದರೆ ಮೂರು ವಾರ ನನ್ನ ಡಬ್ಬಿಗೆ ಬಿದ್ದದ್ದು ಗುಡ್ಡೆಯ ಕಾಟುಮಾವಿನ ಬುಡದಲ್ಲಿ, ಪೇರಳೆ ಮರದಲ್ಲಿ ತಮ್ಮ ಪಾಡಿಗೆ ತಾವಿದ್ದ ನೊಣಗಳು. ಅತ್ತರಿನ ಪರಿಮಳ ಹಿಡಿದು ಚಪ್ಪರದವರೆಗೆ ಬಂದು ಸತ್ತವು. ಪಡುವಲ ಚುಚ್ಚುವವಳು ಡಬ್ಬಿಯ ಪಕ್ಕದಲ್ಲೇ ಕೂತು ಚುಚ್ಚುತ್ತಿದ್ದಳು. ನಮ್ಮ ಕೆಲಸದಲ್ಲಿ ಇದಕ್ಕೊಂದು ಹೋಲಿಕೆ ಇದೆ. ತಪ್ಪು ಸರ್ವರಿನ ಲಾಗ್ ನೋಡಿಕೊಂಡು "ಎಲ್ಲ ಗ್ರೀನ್" ಎಂದು ವರದಿ ಕೊಡುವುದು. ಇಲ್ಲಿ ಡೌನ್ ಆದದ್ದು ಅಪ್ಪನ ಜೇನುಪೆಟ್ಟಿಗೆ.

"ಹಾಗಾದ್ರೆ ಈ ಫೋಟೋದಲ್ಲಿರುವುದು ಆ ಇನ್ನೊಂದು ನೊಣ ಅಲ್ವಾ?" ಎಂದು ಕೇಳಿದೆ.

"ಇರಬಹುದು" ಅಂದರು. "ಆದರೆ ಈ ಫೋಟೋ ನೋಡಿ ನಾನು ಹಾಗೆ ಹೇಳಲ್ಲ. ಬೆನ್ನು ಕಾಣ್ತಿಲ್ಲ. ರೆಕ್ಕೆಯ ತುದಿ ಮಸುಕು. ಇದು ಹಣ್ಣುನೊಣದ ಕುಟುಂಬ, ಅಷ್ಟು ಹೇಳ್ತೀನಿ. ಅದರಾಚೆ ಹೇಳಿದ್ರೆ ಅದು ಊಹೆ."

ಆ್ಯಪು ಅರೆಕ್ಷಣದಲ್ಲಿ ಹೇಳಿದ್ದನ್ನು ಎಂಎಸ್ಸಿ ಓದಿದವರು ಹೇಳಲು ಒಪ್ಪುತ್ತಿಲ್ಲ. ಈ ಕುಟುಂಬದಲ್ಲಿ ಜಗತ್ತಿನಾದ್ಯಂತ 4,000ಕ್ಕೂ ಹೆಚ್ಚು ಪ್ರಭೇದಗಳಿವೆ. ಎಷ್ಟೋ ಪ್ರಭೇದಗಳ ನಡುವೆ ವ್ಯತ್ಯಾಸ ಇರುವುದು ಒಂದು ಗೆರೆ, ಒಂದು ಕೂದಲು, ರೆಕ್ಕೆಯ ಒಂದು ನರದ ಮೇಲಿನ ಹೊಗೆಯಂಥ ಮಚ್ಚೆಯಲ್ಲಿ. ಅದು ಚಿತ್ರದಲ್ಲಿ ಇಲ್ಲದಿದ್ದರೆ, ಎಷ್ಟು ದೊಡ್ಡದು ಮಾಡಿ ನೋಡಿದರೂ ಇಲ್ಲ. ಅವರು ಕೇಳಿದ್ದು ಎರಡು ವಿಷಯ: ನೇರ ಮೇಲಿನಿಂದ ತೆಗೆದ ಬೆನ್ನಿನ ಫೋಟೋ, ರೆಕ್ಕೆ ಪೂರ್ತಿ ಕಾಣುವ ಇನ್ನೊಂದು ಫೋಟೋ. "ಮತ್ತೆ ವಾಟ್ಸ್ಯಾಪಿನಲ್ಲಿ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲಾಂದ್ರೆ ಅದು ಕುಗ್ಗಿಸಿ ಹಾಳು ಮಾಡುತ್ತೆ." ಇದನ್ನು ಒಬ್ಬ ಸಾಫ್ಟ್‌ವೇರಿನವನಿಗೆ ಕೀಟಶಾಸ್ತ್ರದವರು ಹೇಳಿಕೊಡಬೇಕಾಯಿತು.

ಅಮ್ಮನಿಗೆ ತಪ್ಪಾಯಿತು ಎಂದು ಹೇಳಿ, ಬೆನ್ನಿನ ಫೋಟೋ ಬೇಕು ಅಂದೆ. "ಅದು ಬೆನ್ನು ತೋರಿಸಿ ಕೂರ್ಲಿಕ್ಕೆ ನಮ್ಮ ದನವಾ?" ಅಂದಳು. ಆದರೂ ಹಿಡಿದಳು. ಸಂಜೆ ಹೊತ್ತು ಎಲೆಯಡಿ ಕೂತದ್ದನ್ನು ಗಾಜಿನ ಲೋಟ ಕವುಚಿ ಹಿಡಿದು, ಕೆಳಗೆ ರಟ್ಟು ಸರಿಸಿ, ಮೇಡಂ ಹೇಳಿದ ಹಾಗೆ ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟಳು. ತಣ್ಣಗಾದ ನೊಣ ಕೆಲ ನಿಮಿಷ ಹಾರದೆ ಕೂರುತ್ತದೆ. ಅಪ್ಪ ಪೇಪರ್ ಓದುವ ಭೂತಕನ್ನಡಿಯನ್ನು ಮೊಬೈಲಿನ ಕ್ಯಾಮೆರಾಕ್ಕೆ ಒತ್ತಿ ಹಿಡಿದದ್ದು ಅಪ್ಪನೇ ಎಂದು ಆಮೇಲೆ ಗೊತ್ತಾಯಿತು. ಹಾಲಿನ ಪಕ್ಕ ನೊಣ ಇಟ್ಟದ್ದಕ್ಕೆ ಅವರೇ ಬೈದದ್ದು ಅಂತಲೂ ಗೊತ್ತಾಯಿತು. ಫೋಟೋ ಮೊದಲಿಗಿಂತ ಎಷ್ಟೋ ಚೆನ್ನಾಗಿತ್ತು, ಆದರೆ ನೊಣ ಲೋಟದಲ್ಲಿ ಬಡಿದುಕೊಂಡು ರೆಕ್ಕೆಯ ತುದಿ ಹರಿದುಕೊಂಡಿತ್ತು.

ಇಲ್ಲಿ ಅಮ್ಮ ಒಂದು ಮಾತು ಹೇಳಿದಳು. "ಹಾರುವ ನೊಣ ಹಿಡಿದು ಇದಾ ಅದಾ ಅಂತ ಯಾಕೆ? ಚಪ್ಪರಕ್ಕೆ ನೂರು ಬರ್ತದೆ. ಕಾಯಿಯ ಒಳಗಿಂದ ಯಾವುದು ಬರ್ತದೋ ಅದೇ ಕಳ್ಳ ಅಲ್ವಾ?"

ಇದನ್ನು ಮೇಡಂಗೆ ಹೇಳಿದರೆ ಅವರು ಜೋರಾಗಿ ನಕ್ಕು, "ನಿಮ್ಮ ತಾಯಿಗೆ ನನ್ನ ಡಿಗ್ರಿ ಕೊಟ್ಬಿಡಿ" ಅಂದರು. ಹಣ್ಣುನೊಣದ ಕೆಲಸದಲ್ಲಿ ಹಾಗೇ ಮಾಡುವುದಂತೆ. ಚುಚ್ಚಿದ ಕಾಯಿ ತಂದು ಮಣ್ಣಿನ ಮೇಲೆ ಇಟ್ಟು, ಹೊರಬರುವುದನ್ನು ಕಾಯುವುದು. ಗಿಡ ಯಾವುದು, ನೊಣ ಯಾವುದು ಎಂಬ ಎರಡೂ ಪ್ರಶ್ನೆಗೆ ಆಗ ಒಟ್ಟಿಗೆ ಉತ್ತರ ಸಿಗುತ್ತದೆ.

ಅಮ್ಮ ದೊಡ್ಡ ಹಾರ್ಲಿಕ್ಸ್ ಬಾಟಲಿಗೆ ನಾಲ್ಕು ಬೆರಳು ಮಣ್ಣು ತುಂಬಿ, ಮೇಲೆ ಕೊಳೆಯಲು ಸುರುವಾದ ಪಡುವಲದ ತುಂಡು ಇಟ್ಟು, ಬಾಯಿಗೆ ಹಳೆ ಬೈರಾಸಿನ ಬಟ್ಟೆ ಕಟ್ಟಿ ಅಟ್ಟದ ಮೆಟ್ಟಿಲಲ್ಲಿ ಇಟ್ಟಳು. ನಾಲ್ಕೈದು ದಿನದಲ್ಲಿ ಹುಳುಗಳು ಹೊರಬಿದ್ದವು. ಅವು ಬಾಲ ಬಾಯಿ ಸೇರಿಸಿ ಕಮಾನಾಗಿ ಬಗ್ಗಿ, ಟಪ್ ಅಂತ ಬಿಟ್ಟು ಹಾರುತ್ತವೆ. ಅದರ ವಿಡಿಯೋ ಬಂತು, ಹಿಂದೆ ಅಮ್ಮನ ನಗು. ಹಾರಿ ಹಾರಿ ಮಣ್ಣೊಳಗೆ ಹೋಗಿ ಕೋಶವಾದವು, ಹೊರಗಿನಿಂದ ನೋಡಿದರೆ ಕೆಂಪಕ್ಕಿ ಕಾಳಿನ ಹಾಗೆ. ಆಗ ನಮಗೆ ಇನ್ನೊಂದು ಸಂಗತಿ ಹೊಳೆಯಿತು. ಇಷ್ಟು ದಿನ ಕೊಳೆತ ಕಾಯಿಗಳನ್ನೆಲ್ಲ ಅಮ್ಮ ಹಾಕುತ್ತಿದ್ದದ್ದು ಹಟ್ಟಿಯ ಪಕ್ಕದ ಗೊಬ್ಬರದ ಗುಂಡಿಗೆ, ಚಪ್ಪರದಿಂದ ಹತ್ತು ಹೆಜ್ಜೆ. ಮದ್ದು ಹೊಡೆದ ಹಾಗಲ ಹಾಕಿದ್ದೂ ಅಲ್ಲಿಗೇ. ಬಾಟಲಿಯಲ್ಲಿ ನಡೆದದ್ದೇ ಅಲ್ಲಿ ದೊಡ್ಡದಾಗಿ ನಡೆಯುತ್ತಿತ್ತು. ಮುಂದಿನ ತಲೆಮಾರನ್ನು ನಾವೇ ಸಾಕಿ ಕೊಡುತ್ತಿದ್ದೆವು.

ಮತ್ತೆ ಎಂಟೊಂಬತ್ತು ದಿನ ಕಳೆದು ಒಂದು ಬೆಳಿಗ್ಗೆ ಬಾಟಲಿಯಲ್ಲಿ ಹನ್ನೊಂದು ನೊಣ. "ಕೂಡಲೇ ತೆಗೀಬೇಡಿ, ಹುಟ್ಟಿದ ದಿನ ಬಣ್ಣ ಬಂದಿರಲ್ಲ, ಸಕ್ಕರೆ ನೀರು ಕೊಟ್ಟು ಎರಡು ದಿನ ಇಡಿ" ಎಂದು ಮೇಡಂ ಹೇಳಿದ್ದರು. ಅಮ್ಮ ಹತ್ತಿಗೆ ಸಕ್ಕರೆ ನೀರು ಅದ್ದಿ ಕೊಟ್ಟಳು. ತನ್ನ ಪಡುವಲ ತಿಂದವರ ಮಕ್ಕಳಿಗೆ.

ಮೂರನೇ ದಿನದ ಫೋಟೋ ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಬಿಳಿ ತಟ್ಟೆಯ ಮೇಲೆ ಕೆಂಚು ಕಂದು ಬಣ್ಣದ ನೊಣ, ಮನೆನೊಣದಷ್ಟೇ ದೊಡ್ಡದು, ಕಣಜದ ಹಾಗೆ ಸೊಂಟ ಸಣ್ಣ. ಬೆನ್ನ ಮೇಲೆ ಎರಡು ಕಡೆ ಎರಡು ಹಳದಿ ಗೆರೆ. ಅವುಗಳ ಸರಿಯಾಗಿ ನಡುವೆ, ಇನ್ನೊಂದು. ಡಾರ್ಸಾಲಿಸ್‌ಗೆ ಬೆನ್ನ ನಡುವಿನ ಈ ಗೆರೆ ಇಲ್ಲ. ಮೊದಲ ದಿನದ ಫೋಟೋದಲ್ಲಿ ನನಗೆ ಕಂಡಿದ್ದು ಒಂದು ಭುಜದ ಗೆರೆ ಮಾತ್ರ.

ಮೇಡಂ ಆಗಲೂ ಆತುರ ಮಾಡಲಿಲ್ಲ. ಮೂರು ಗೆರೆ ಇರುವ ನೊಣ ಇದೊಂದೇ ಅಲ್ಲ, ಟಾವ್ ಎಂಬ ಇನ್ನೊಂದಿದೆ, ಅದೂ ಸೌತೆ ಕುಟುಂಬಕ್ಕೇ ಬರುತ್ತದೆ ಎಂದರು. ರೆಕ್ಕೆಯ ಫೋಟೋ ತೆರೆದರು. ತುದಿಯಲ್ಲಿ ಅಗಲವಾದ ಕಂದು ಮಚ್ಚೆ, ಮತ್ತೆ ರೆಕ್ಕೆಯ ಕೆಳ ಅಂಚಿನ ಬಳಿಯ ಅಡ್ಡ ನರದ ಮೇಲೆ ಹೊಗೆ ಹಿಡಿದ ಹಾಗೆ ಒಂದು ಗೀರು. ಟಾವ್‌ಗೆ ಆ ಗೀರು ಇಲ್ಲ. "ಈಗ ಹೇಳ್ತೀನಿ" ಅಂದರು. "ಝ್ಯೂಗೊಡಾಕಸ್ ಕುಕುರ್ಬಿಟೇ. ಮೆಲನ್ ಫ್ಲೈ."

ಈ ನೊಣದ ಹೆಸರಿನ ಕತೆ ಕೇಳಿದರೆ ನಮ್ಮ ಕಂಪನಿಯ ಕೋಡ್ ನೆನಪಾಗುತ್ತದೆ. 1899ರಲ್ಲಿ ಹವಾಯಿಯಲ್ಲಿ ಸಿಕ್ಕ ನೊಣಗಳನ್ನು ನೋಡಿ ಕೊಕಿಲೆಟ್ ಎಂಬ ಅಮೆರಿಕದ ವಿಜ್ಞಾನಿ ಇದಕ್ಕೆ ಡಾಕಸ್ ಕುಕುರ್ಬಿಟೇ ಎಂದು ಹೆಸರಿಟ್ಟ. ಅದರ ಮೂಲ ನಮ್ಮ ಕಡೆಯದ್ದು. ಹವಾಯಿಗೆ ಅದು ಆಗಷ್ಟೇ ಹೋದ ಪರದೇಶಿ. ಆಮೇಲೆ ಬ್ಯಾಕ್ಟ್ರೋಸೆರಾ ಆಯಿತು. 2015ರಲ್ಲಿ ಝ್ಯೂಗೊಡಾಕಸ್. ಅದೇ ವರ್ಷ ಡಾರ್ಸಾಲಿಸ್ ಮನೆಯಲ್ಲಿ ಇದಕ್ಕೆ ಉಲ್ಟಾ ನಡೆಯಿತು. ಆಫ್ರಿಕಾದ ಕೀನ್ಯಾದಲ್ಲಿ 2003ರಲ್ಲಿ ಒಂದು ಹಣ್ಣುನೊಣ ಕಾಣಿಸಿಕೊಂಡು, 2005ರಲ್ಲಿ ಅದಕ್ಕೆ ಇನ್ವೇಡೆನ್ಸ್ ಎಂಬ ಹೊಸ ಹೆಸರು ಕೊಟ್ಟು ಬೇರೆ ಪ್ರಭೇದ ಅಂದಿದ್ದರು. ಹತ್ತು ವರ್ಷ ರೂಪ, ಡಿಎನ್ಎ, ಕೂಡುವಿಕೆ ಎಲ್ಲ ಪರೀಕ್ಷೆ ಮಾಡಿ, ಇದು ನಮ್ಮ ಹಳೆ ಡಾರ್ಸಾಲಿಸ್ಸೇ ಎಂದು ಟಿಕೆಟ್ ಕ್ಲೋಸ್ ಮಾಡಿದರು. ಡೂಪ್ಲಿಕೇಟ್. ತಜ್ಞರೇ ಹತ್ತು ವರ್ಷ ತೆಗೆದುಕೊಂಡರು ಎಂದು ಹೇಳಿ ನನ್ನ ತಪ್ಪನ್ನು ಸಣ್ಣದು ಮಾಡಿಕೊಳ್ಳಬಹುದು. ಆದರೆ ಅವರು ಪರೀಕ್ಷೆ ಮಾಡಿದರು. ನಾನು ಪಟ್ಟಿಯ ಎರಡನೇ ಹೆಸರನ್ನೂ ಓದಿರಲಿಲ್ಲ.

ಇದೆಲ್ಲ ಬರೀ ಹೆಸರಿನ ಜಗಳ ಅಲ್ಲ. 2014ರ ಮೇಯಿಂದ ಯುರೋಪಿಯನ್ ಒಕ್ಕೂಟ ಭಾರತದ ಮಾವು, ಬದನೆ, ಹಾಗಲ, ಪಡುವಲ ಮತ್ತು ಕೆಸುವಿಗೆ ಬಾಗಿಲು ಹಾಕಿದ್ದು ನೆನಪಿರಬಹುದು. ಹಿಂದಿನ ವರ್ಷ ಇಲ್ಲಿಂದ ಹೋದ 207 ಸರಕುಗಳಲ್ಲಿ ಹಣ್ಣುನೊಣವೂ ಸೇರಿ ಕೀಟಗಳು ಸಿಕ್ಕಿದ್ದವು. ಮಾವಿನ ತಡೆ 2015ರ ಜನವರಿಯಲ್ಲಿ ಹೋಯಿತು. ಆ ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳಿದೆ. "ಕೆಸುವೂ ಬೇಡವಾ? ಅವರು ಪತ್ರೊಡೆ ತಿನ್ನುದಿಲ್ವಾ?" ಅಂದಳು.

ಮತ್ತೆ ನಡೆದದ್ದು ಚಿಕ್ಕದು. ಹಳೆ ಡಬ್ಬಿಗಳು ಪೇರಳೆ ಮರಕ್ಕೆ ಹೋದವು. ಚಪ್ಪರಕ್ಕೆ ಕ್ಯೂ-ಲ್ಯೂರ್ ಬಂತು. ಅದಕ್ಕೂ ಬೀಳುವುದು ಗಂಡು ಮಾತ್ರ, ಇಷ್ಟು ಸಣ್ಣ ಜಾಗಕ್ಕೆ ಅದೊಂದನ್ನೇ ನಂಬಬೇಡಿ ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ಚುಚ್ಚಿದ ಕಾಯಿಗಳನ್ನು ಗುಂಡಿಗೆ ಹಾಕದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲು ಬಂದಾಗ ಬಿಸಿಲಿಗೆ, ಇಲ್ಲದಿದ್ದರೆ ಬಕೆಟ್ ನೀರಿಗೆ. ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ಅಜ್ಜಿಯ ಕಾಲದ ಕೆಲಸ: ಹೂ ಉದುರಿ ಕಾಯಿ ಬೆರಳುದ್ದ ಆದ ಕೂಡಲೇ ಪೇಪರ್ ಸುತ್ತಿ ಬಾಳೆನಾರಿನಲ್ಲಿ ಕಟ್ಟುವುದು. ಅಮ್ಮ ಅದನ್ನು ಯಾಕೆ ಬಿಟ್ಟಿದ್ದಳು ಎಂದು ಕೇಳಿದೆ. ಪೇಪರ್ ಸುತ್ತಲು ಇಬ್ಬರು ಬೇಕು ಮಗ, ಒಬ್ಬರು ಕಾಯಿ ಹಿಡಿಯಲಿಕ್ಕೆ ಒಬ್ಬರು ಕಟ್ಟಲಿಕ್ಕೆ, ನೀನೂ ತಂಗಿಯೂ ಹೋದ ಮೇಲೆ ಬಿಟ್ಟದ್ದು ಅಂದಳು. ಈಗ ಕಾಯಿ ಹಿಡಿಯುವುದು ಅಪ್ಪ. ಮದ್ದಿನ ಬಾಟಲಿ ಎಲ್ಲಿ ಹೋಯಿತೆಂದು ಯಾರೂ ಕೇಳಿಲ್ಲ. ಖಾಲಿಯಾದ ಪೆಟ್ಟಿಗೆಯನ್ನು ಅಪ್ಪ ತೊಳೆದು, ಮೇಣ ಹಚ್ಚಿ, ಹೊಸ ಹಿಂಡು ಬಂದರೆ ಬರಲಿ ಎಂದು ತೋಟದ ಆಚೆ ಬದಿಗೆ ಇಟ್ಟಿದ್ದಾರಂತೆ.

ಚೌತಿಗೆ ನಾಲ್ಕು ದಿನ ಇರುವಾಗ ಗೋಣಿ ಬಂತು. ಪಡುವಲಗಳು ಪೇಪರ್ ಸುತ್ತಿದ ಹಾಗೆಯೇ ಇದ್ದವು. ಅವುಗಳ ನಡುವೆ ಅದೇ ಹಾರ್ಲಿಕ್ಸ್ ಬಾಟಲಿ, ಒಳಗೆ ಹತ್ತಿಯ ಮೇಲೆ ಒಣಗಿದ ಹನ್ನೊಂದು ನೊಣ. ಮಾದರಿ ಇದ್ದರೆ ಕೊಡಿ, ಆದರೆ ಲೇಬಲ್ ಇಲ್ಲದ ನೊಣ ಕಸಕ್ಕೆ ಸಮ ಎಂದು ಮೇಡಂ ಹೇಳಿದ್ದನ್ನು ನಾನು ಅಮ್ಮನಿಗೆ ದಾಟಿಸಿದ್ದೆ. ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ಅದರ ಮುಂದೆ ದಿನಾ ಕ್ಯಾಬಿನಲ್ಲಿ ಕಣ್ಣುಮುಚ್ಚಿಕೊಂಡು ಹೋಗುತ್ತೇನೆ. ಅಂಥಲ್ಲಿ ಪೆಟ್ಟಿಗೆ ಪೆಟ್ಟಿಗೆ ನೊಣಗಳು ಹೀಗೇ, ಒಂದೊಂದರ ಕೆಳಗೆ ಒಂದೊಂದು ಚೀಟಿ ಚುಚ್ಚಿಕೊಂಡು ಇರುತ್ತವಂತೆ.

ಅಮ್ಮನ ಚೀಟಿ ಕ್ಯಾಲೆಂಡರಿನ ಹಿಂಬದಿಯಲ್ಲಿ, ನೀಲಿ ಪೆನ್ನಿನಲ್ಲಿತ್ತು. ಊರು: ಪಂಜ. ಗಿಡ: ಪಡುವಲ. ಮಣ್ಣಿಗೆ ಹಾಕಿದ ತಾರೀಕು, ನೊಣ ಬಂದ ತಾರೀಕು. ಕೊನೆಯ ಸಾಲು, ಹಿಡಿದವರು. ಅಲ್ಲಿ ನನ್ನ ಹೆಸರಿತ್ತು, ಮುಂದೆ ಬಿಇ ಎಂದೂ ಸೇರಿಸಿದ್ದಳು.

ಅದನ್ನು ಹೊಡೆದು ಹಾಕಿ ಅಮ್ಮನ ಹೆಸರು ಬರೆದೆ. ಫೋನ್ ಮಾಡಿ ಹೇಳಿದರೆ ಅವಳಿಗೆ ಸಿಟ್ಟು ಬಂತು. "ಚಂದ ಬರೆದ ಚೀಟಿಯಲ್ಲಿ ಗೀಟು ಹಾಕಿದಿಯಾ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಸ್ಪೆಲ್ಲಿಂಗ್ ಸರಿ ಹಾಕಿದ್ದಿ ಅಲ್ವಾ?"